ಸ್ಟೋರ್ನೊವೇ – ಕರ್ನಲ್ ಮೆಕೆಂಜಿಯ ಹುಟ್ಟೂರು

ಕರ್ನಾಟಕದ ಚರಿತ್ರೆ ಓದಿದವರಿಗೆ ಕರ್ನಲ್ ಮೆಕೆಂಜಿಯ ಹೆಸರು ಹೊಸತೇನಲ್ಲ. ಊರೂರಿನ ಕೈಫಿಯತ್ತು ಬರೆಸಿದವನು, ಶಾಸನಗಳ ಪ್ರತಿ ಮಾಡಿಸಿದವನು, ಮೈಸೂರು ಸೀಮೆಯನ್ನು ಅಳೆದು ನಕ್ಷೆ ತಯಾರಿಸಿದವನು ಎಂದು ಪಾಠಪುಸ್ತಕಗಳಲ್ಲಿ ಒಂದೆರಡು ಸಾಲಿಗೆ ಅವನ ವಿಚಾರ ಮುಗಿಯುತ್ತದೆ. ಅವನ ಊರು ಯಾವುದು ಎಂದು ಮಕ್ಕಳೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. "ಒಬ್ಬ ಇಂಗ್ಲಿಷ್ ಅಧಿಕಾರಿ" ಎಂದು ಹೇಳಿ ಮುಂದೆ ಹೋಗುತ್ತೇವೆ. ಆದರೆ ಅವನು ಇಂಗ್ಲಿಷಿನವನಲ್ಲ, ಸ್ಕಾಟ್ಲೆಂಡಿನವನು. ಅದರಲ್ಲೂ ಸ್ಕಾಟ್ಲೆಂಡಿನ ನೆಲದಿಂದಲೂ ಆಚೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿರುವ ಲೂಯಿಸ್ ಎಂಬ ದ್ವೀಪದವನು. ಆ ದ್ವೀಪದ ಒಂದೇ ಒಂದು ಪೇಟೆ ಸ್ಟೋರ್ನೊವೇ. 1754ರಲ್ಲಿ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲಿ.

ನಮ್ಮ ಊರುಗಳ ಕತೆಯನ್ನು ಅಷ್ಟು ಆಸಕ್ತಿಯಿಂದ ಕೇಳಿ ಬರೆಸಿಕೊಂಡವನ ಊರಿಗೂ ಒಂದು ಕೈಫಿಯತ್ತು ಬೇಡವೇ ಎಂದುಕೊಂಡು ಓದತೊಡಗಿದೆ. ಓದುತ್ತಾ ಹೋದ ಹಾಗೆ ಮೆಕೆಂಜಿ ಹಿಂದಕ್ಕೆ ಸರಿದು ಊರೇ ಮುಂದೆ ಬಂತು. ಗಡಿಯಲ್ಲಿ ಕುಳಿತು ಕನ್ನಡ ಕಲಿಸುವ ನಮ್ಮಂಥವರಿಗೆ ಈ ಊರಿನಲ್ಲಿ ನೋಡುವುದು ಬಹಳ ಇದೆ.

ಮೊದಲು ಊರು ಎಲ್ಲಿದೆ ನೋಡೋಣ. ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಿಂದ ಸಮುದ್ರದಲ್ಲಿ ದೂರಕ್ಕೆ ದ್ವೀಪಗಳ ಒಂದು ಸಾಲು ಇದೆ. ಅದನ್ನು ಹೊರ ಹೆಬ್ರಿಡೀಸ್ ಎನ್ನುತ್ತಾರೆ. ಆ ಸಾಲಿನ ಉತ್ತರದ ತುದಿಯದ್ದೇ ಲೂಯಿಸ್. ಉಲ್ಲಪೂಲ್ ಎಂಬ ಊರಿನಿಂದ ಹಡಗು ಹತ್ತಿದರೆ ಸ್ಟೋರ್ನೊವೇ ತಲಪಲು ಎರಡೂಮುಕ್ಕಾಲು ಗಂಟೆ ಬೇಕು. ಪೇಟೆಯ ಜನಸಂಖ್ಯೆ ಸುಮಾರು ಏಳು ಸಾವಿರ. ನಮ್ಮ ಲೆಕ್ಕದಲ್ಲಿ ಅದು ಒಂದು ಸಣ್ಣ ಪಂಚಾಯತಿಗೂ ಸಾಲದು, ಆದರೆ ಅಲ್ಲಿ ಅದೇ ದ್ವೀಪಗಳಿಗೆಲ್ಲ ರಾಜಧಾನಿ. ಮರಗಿಡ ಕಡಿಮೆ, ಗಾಳಿ ಜಾಸ್ತಿ, ಎಲ್ಲಿ ನೋಡಿದರೂ ಜೌಗು ನೆಲ. ಆ ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಒಣಗಿಸಿ ಒಲೆಗೆ ಹಾಕುವುದು ಅವರ ಹಳೆಯ ಕ್ರಮ. ಪೀಟ್ ಎಂದು ಅದರ ಹೆಸರು. ಸೌದೆ ಇಲ್ಲದ ಊರಿನಲ್ಲಿ ಮಣ್ಣೇ ಸೌದೆ!

ಊರಿನ ಹೆಸರು ಕೊಟ್ಟವರು ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದ ವೈಕಿಂಗ್ ಜನ. ಅವರ ಭಾಷೆಯಲ್ಲಿ 'ಚುಕ್ಕಾಣಿಯ ಕೊಲ್ಲಿ' ಎಂಬ ಅರ್ಥದ ಮಾತು ಅದು. ಈ ದ್ವೀಪಗಳು 1266ರ ಪರ್ತ್ ಒಪ್ಪಂದದವರೆಗೂ ನಾರ್ವೆಯ ಅರಸನಿಗೇ ಸೇರಿದ್ದವು. ಆ ಕಾಲದ ಒಂದು ಗುರುತು 1831ರಲ್ಲಿ ದ್ವೀಪದ ಪಶ್ಚಿಮದ ಊಗ್ ಎಂಬಲ್ಲಿ ಮರಳಿನ ದಿಬ್ಬದಲ್ಲಿ ಸಿಕ್ಕಿತು. ಕಡಲಾನೆ ಎಂದು ಕರೆಯುವ ವಾಲ್ರಸ್ ಪ್ರಾಣಿಯ ದಂತದಲ್ಲಿ ಕೆತ್ತಿದ ಚದುರಂಗದ ಕಾಯಿಗಳು, ಹನ್ನೆರಡನೆಯ ಶತಮಾನದವು. ಒಟ್ಟು 93 ವಸ್ತುಗಳಲ್ಲಿ 82 ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವು, 11 ಎಡಿನ್‌ಬರೋಗೆ. ಸಿಕ್ಕಿದ ದ್ವೀಪಕ್ಕೆ ಒಂದೂ ಇಲ್ಲ. 2016ರಲ್ಲಿ ಸ್ಟೋರ್ನೊವೇಯ ಹೊಸ ಮ್ಯೂಸಿಯಮ್ಮು ತೆರೆದಾಗ ಲಂಡನ್ನಿನವರು ಆರು ಕಾಯಿಗಳನ್ನು ಎರವಲು ಕೊಟ್ಟರು! ನಮ್ಮ ದೇಶದಲ್ಲಿ ಹುಟ್ಟಿದ ಆಟ ಪರ್ಷಿಯಾ, ಅರಬಸ್ತಾನ ದಾಟಿ ಅಷ್ಟು ದೂರ ಹೋಗುವಾಗ ಆನೆಯ ಗುರುತು ಕಳೆದುಕೊಂಡಿತ್ತು. ಆನೆ ಇದ್ದ ಮನೆಯಲ್ಲಿ ಅಲ್ಲಿ ದಂಡ ಹಿಡಿದ ಬಿಷಪ್ ಕುಳಿತಿದ್ದಾನೆ.

ನಾರ್ವೆಯವರ ನಂತರ ಮ್ಯಾಕ್ಲಿಯೋಡ್ ಎಂಬ ಮನೆತನ ಇಲ್ಲಿ ಆಳಿತು. ಬಂದರಿನ ಬಾಯಿಯಲ್ಲಿ ಅವರದೊಂದು ಕೋಟೆ ಇತ್ತು. 1653ರಲ್ಲಿ ಕ್ರಾಮ್‌ವೆಲ್ಲನ ಸೈನ್ಯ ಅದನ್ನು ಹಾಳುಗೆಡವಿತು. ಉಳಿದ ಕಲ್ಲುಗಳು ಈಗ ಹಡಗುಕಟ್ಟೆಯ ಅಡಿಯಲ್ಲಿವೆ. ಅದಕ್ಕೂ ಮೊದಲೇ, 1598ರಲ್ಲಿ, ಸ್ಕಾಟ್ಲೆಂಡಿನ ಅರಸ ಆರನೆಯ ಜೇಮ್ಸ್ ಒಂದು ವಿಚಿತ್ರ ಕೆಲಸ ಮಾಡಿದ್ದ. ಫೈಫ್ ಸೀಮೆಯ ಕೆಲವು ಪ್ರತಿಷ್ಠಿತರಿಗೆ ಲೂಯಿಸ್ ದ್ವೀಪವನ್ನೇ ಬರೆದುಕೊಟ್ಟು, ಅಲ್ಲಿ ನೆಲೆಸಿ ಆ ಜನರನ್ನು 'ನಾಗರಿಕ'ರನ್ನಾಗಿ ಮಾಡಿ ಎಂದ. ದ್ವೀಪದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಹತ್ತು ಹನ್ನೆರಡು ವರ್ಷಗಳ ಹೊಡೆದಾಟದಲ್ಲಿ ಹೊರಗಿನವರು ಸೋತು ಗಂಟುಮೂಟೆ ಕಟ್ಟಿದರು. ಅವರಿಂದ ಹಕ್ಕನ್ನು ಕೊಂಡುಕೊಂಡವರು ಕಿಂಟೇಲಿನ ಮೆಕೆಂಜಿಗಳು. ಹೀಗೆ ಆ ಹೆಸರು ದ್ವೀಪಕ್ಕೆ ಬಂದು ಮನೆಮನೆಯಲ್ಲೂ ಹಬ್ಬಿತು. ಸ್ಟೋರ್ನೊವೇಗೆ ಪೇಟೆಯ ಸನ್ನದು ಸಿಕ್ಕಿದ್ದೂ ಈ ಗಲಾಟೆಯ ನಡುವೆಯೇ, 1607ರಲ್ಲಿ.

ಅದೇ ಪೇಟೆಯಲ್ಲಿ ಹುಟ್ಟಿದ ಇನ್ನೊಬ್ಬ ಮೆಕೆಂಜಿಯೂ ಇದ್ದಾನೆ, ಅಲೆಕ್ಸಾಂಡರ್. ಕಾಲಿನ್‌ಗಿಂತ ಹತ್ತು ವರ್ಷ ಕಿರಿಯ. ಅವನು ಪಶ್ಚಿಮಕ್ಕೆ ಹೋದ. 1789ರಲ್ಲಿ ಕೆನಡಾದ ಒಂದು ಮಹಾನದಿಯ ಗುಂಟ ಆರ್ಕ್ಟಿಕ್ ಸಾಗರದವರೆಗೆ ಹೋದ (ಆ ನದಿಗೆ ಈಗ ಅವನದೇ ಹೆಸರು), 1793ರಲ್ಲಿ ನೆಲಮಾರ್ಗವಾಗಿ ಶಾಂತಸಾಗರ ಮುಟ್ಟಿದ. ಒಬ್ಬ ಪಶ್ಚಿಮಕ್ಕೆ, ಒಬ್ಬ ಪೂರ್ವಕ್ಕೆ. ಊರಿನಲ್ಲಿ ಹೊಟ್ಟೆ ತುಂಬದಿದ್ದರೆ ಹಡಗು ಹತ್ತುವುದು ಅಲ್ಲಿಯ ರೂಢಿ. ನಮ್ಮ ಕಡೆಯವರು ಬೊಂಬಾಯಿಗೆ, ಆಮೇಲೆ ಗಲ್ಫಿಗೆ ಹೋದ ಹಾಗೆ.

ಈಗ ಸ್ಟೋರ್ನೊವೇಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಬಂದರಿನ ಆಚೆ ದಡದ ಲ್ಯೂಸ್ ಕ್ಯಾಸಲ್. ಗೋಪುರಗಳಿರುವ ದೊಡ್ಡ ಬಂಗಲೆ, ಸುತ್ತ ದಟ್ಟ ಮರಗಳು. ಮರವೇ ಇಲ್ಲದ ದ್ವೀಪದಲ್ಲಿ ಇಷ್ಟು ಮರ ಹೇಗೆ? ಹೊರಗಿನಿಂದ ಮಣ್ಣು ತರಿಸಿ ನೆಡಿಸಿದ್ದಂತೆ. ತರಿಸಿದವನು ಜೇಮ್ಸ್ ಮ್ಯಾಥೆಸನ್. ಜಾರ್ಡಿನ್ ಮ್ಯಾಥೆಸನ್ ಎಂಬ ಕಂಪೆನಿಯ ಪಾಲುದಾರ, ಹಿಂದೂಸ್ಥಾನದಲ್ಲಿ ಬೆಳೆದ ಅಫೀಮನ್ನು ಚೀನಕ್ಕೆ ಸಾಗಿಸಿ ದುಡ್ಡು ಮಾಡಿದವನು. ಆ ದುಡ್ಡಿನಲ್ಲಿ 1844ರಲ್ಲಿ ಇಡೀ ದ್ವೀಪವನ್ನೇ ಮೆಕೆಂಜಿ ಮನೆತನದಿಂದ ಖರೀದಿಸಿ ಈ ಬಂಗಲೆ ಕಟ್ಟಿಸಿದ. ನಮ್ಮ ರೈತನ ಗಸಗಸೆ ಗದ್ದೆಯಿಂದ ಹೊರಟದ್ದು ಚೀನದವನ ಚಿಲುಮೆಯನ್ನು ದಾಟಿ ಕೊನೆಗೆ ಈ ಗೋಪುರಗಳಾಗಿ ನಿಂತಿತು ನೋಡಿ. ಅವನನ್ನು ಬರೀ ಖಳನಾಯಕ ಎನ್ನುವಂತೆಯೂ ಇಲ್ಲ. 1846ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಂದಾಗ ಹಿಟ್ಟು ತರಿಸಿ ಜನರನ್ನು ಬದುಕಿಸಿದ. ಆದರೆ ಅದೇ ಮ್ಯಾಥೆಸನ್ 1851ರಿಂದ 1855ರ ಒಳಗೆ ಎರಡು ಸಾವಿರಕ್ಕೂ ಹೆಚ್ಚು ಒಕ್ಕಲು ಜನರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಿಬಿಟ್ಟ. ಹಡಗಿನ ಖರ್ಚು ಅವನದೇ. ಗೇಣಿ ಬಾಕಿ ಉಳಿಸಿಕೊಂಡವರಿಗೆ ಬೇರೆ ದಾರಿ ಎಷ್ಟಿತ್ತು ಎಂಬುದು ಬೇರೆ ಪ್ರಶ್ನೆ.

ಪೇಟೆ ಮಾತ್ರ ಬೆಳೆಯಿತು. ಕಾರಣ ಮೀನು. ಹೆರಿಂಗ್ ಎಂಬ ಮೀನು, ನಮ್ಮ ಬೂತಾಯಿಯ ಕುಟುಂಬದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದರಿನ ತುಂಬ ದೋಣಿಗಳು, ದಡದ ತುಂಬ ಉಪ್ಪಿನ ಪೀಪಾಯಿಗಳು. ಮೀನು ಸೀಳಿ ಉಪ್ಪು ಹಾಕುವ ಕೆಲಸ ಹೆಂಗಸರದ್ದು, ಹುಡುಗಿಯರದ್ದು. ಚೂರಿ ತಗಲದಂತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮೂವರ ತಂಡ ಮಾಡಿಕೊಂಡು, ಮೀನಿನ ಬೆನ್ನು ಹಿಡಿದು ಇಂಗ್ಲೆಂಡಿನ ಕರಾವಳಿಯವರೆಗೂ ಬಂದರಿನಿಂದ ಬಂದರಿಗೆ ಅವರು ಹೋಗುತ್ತಿದ್ದರು. ಈಗ ಸ್ಟೋರ್ನೊವೇಯ ಬಂದರಿನಲ್ಲಿ ಆ ಹುಡುಗಿಯರ ಪ್ರತಿಮೆ ಇದೆ. ಅರಸರ, ಜನರಲ್‌ಗಳ ಪ್ರತಿಮೆ ಎಲ್ಲ ಕಡೆ ಇರುತ್ತದೆ, ಮೀನು ಸೀಳುವವಳ ಪ್ರತಿಮೆ ಇರುವ ಊರು ಎಷ್ಟಿದೆ ಹೇಳಿ?

ಇನ್ನು ಆ ಊರಿನ ಮರೆಯಲಾಗದ ದುಃಖಕ್ಕೆ ಬರೋಣ.

ಮೊದಲ ಮಹಾಯುದ್ಧಕ್ಕೆ ಲೂಯಿಸ್ ದ್ವೀಪದಿಂದ ಸುಮಾರು ಆರು ಸಾವಿರ ಗಂಡಸರು ಹೋದರು. ಅದರಲ್ಲಿ ಸುಮಾರು ಸಾವಿರ ಮಂದಿ ಸತ್ತರು. 1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಬದುಕಿ ಉಳಿದ ನಾವಿಕರು ಹೊಸ ವರ್ಷಕ್ಕೆ ಊರು ಸೇರಬೇಕೆಂದು ಡಿಸೆಂಬರ್ 31ರಂದು ರೈಲಿನಲ್ಲಿ ಕೈಲ್ ಎಂಬ ಬಂದರಿಗೆ ಬಂದರು. ದಿನವೂ ಹೋಗುವ ಟಪ್ಪಾಲು ಹಡಗಿನಲ್ಲಿ ಜಾಗ ಸಾಲಲಿಲ್ಲ. ಆಗ ನೌಕಾಪಡೆಯವರು 'ಯೋಲರ' ಎಂಬ ಇನ್ನೊಂದು ಹಡಗನ್ನು ತರಿಸಿ ಉಳಿದವರನ್ನು ಹತ್ತಿಸಿದರು. ಗ್ಯಾಲಿಕ್ ಭಾಷೆಯಲ್ಲಿ ಯೋಲರ ಎಂದರೆ ಗರುಡ. ಹಡಗಿನಲ್ಲಿ ಸುಮಾರು 280 ಮಂದಿ. ದ್ವೀಪದಲ್ಲಿ ಮನೆಮನೆಯಲ್ಲಿ ಒಲೆ ಹೊತ್ತಿಸಿ, ಒಣಬಟ್ಟೆ ತೆಗೆದಿಟ್ಟು, ಅಡುಗೆ ಮಾಡಿ ಕಾಯುತ್ತಿದ್ದರು.

1919ರ ಜನವರಿ 1, ಬೆಳಗಿನ ಜಾವ ಎರಡು ಗಂಟೆಯ ಹೊತ್ತಿಗೆ, ಕಗ್ಗತ್ತಲೆ ಮತ್ತು ಬಿರುಗಾಳಿಯಲ್ಲಿ, ಬಂದರಿಗೆ ಒಂದು ಮೈಲಿಯೂ ಇಲ್ಲದಿರುವಾಗ ಹಡಗು ಹೋಮ್ ಎಂಬಲ್ಲಿಯ ಬಂಡೆಗಳಿಗೆ ಬಡಿಯಿತು. ಪೇಟೆಯ ದೀಪ ಕಾಣುತ್ತಿತ್ತು. ದಡ ಇಪ್ಪತ್ತೇ ಗಜ ದೂರ. ಆದರೆ ಆ ಇಪ್ಪತ್ತು ಗಜದಲ್ಲಿ 201 ಮಂದಿ ಸತ್ತರು. ನಾಲ್ಕು ವರ್ಷ ಜರ್ಮನರ ಗುಂಡಿಗೆ ಸಿಗದೆ ಉಳಿದವರು ತಮ್ಮ ಮನೆಯ ಬಾಗಿಲಿನಲ್ಲಿ ಮುಳುಗಿದರು. ಜಾನ್ ಎಫ್. ಮ್ಯಾಕ್ಲಿಯೋಡ್ ಎಂಬ ದೋಣಿ ಕಟ್ಟುವವ ಸೊಂಟದ ಹಗ್ಗದೊಂದಿಗೆ ದಡಕ್ಕೆ ಈಜಿದ. ಆ ಹಗ್ಗ ಹಿಡಿದು ಸುಮಾರು ನಲುವತ್ತು ಮಂದಿ ಬದುಕಿಕೊಂಡರು. ಇನ್ನೊಬ್ಬ ಬೆಳಗಾಗುವವರೆಗೆ ಹಡಗಿನ ಕೂವೆಗಂಬಕ್ಕೆ ಅಂಟಿಕೊಂಡಿದ್ದು ಬದುಕಿದ. ಬೆಳಗ್ಗೆ ದ್ವೀಪದ ಹಳ್ಳಿಗಳಿಂದ ಗಾಡಿಗಳು ಪೇಟೆಗೆ ಬಂದವು, ಹೆಣ ಗುರುತಿಸಲು.

ತಪ್ಪು ಯಾರದ್ದೆಂದು ಕೊನೆಗೂ ಇತ್ಯರ್ಥವಾಗಲಿಲ್ಲ. ಅಧಿಕಾರಿಗಳೆಲ್ಲ ಸತ್ತಿದ್ದರು. ಫೆಬ್ರವರಿಯಲ್ಲಿ ಸ್ಟೋರ್ನೊವೇಯಲ್ಲಿ ನಡೆದ ವಿಚಾರಣೆಯಲ್ಲಿ ಜ್ಯೂರಿಯವರು, ಹಡಗು ನಡೆಸಿದವರು ಸಾಕಷ್ಟು ಎಚ್ಚರ ವಹಿಸಲಿಲ್ಲ, ಪ್ರಾಣರಕ್ಷಕ ದೋಣಿಗಳೂ ಪಟ್ಟಿಗಳೂ ಸಾಕಷ್ಟು ಇರಲಿಲ್ಲ ಎಂದರು. ಇದಕ್ಕಿಂತ ಮನಸ್ಸು ಕಲಕುವ ಸಂಗತಿ ಬೇರೆ ಇದೆ. ಇನ್ನೂ ಹೆಣಗಳು ಸಿಗದಿರುವಾಗಲೇ ನೌಕಾಪಡೆ ಆ ಒಡೆದ ಹಡಗನ್ನು ಮಾರಾಟಕ್ಕಿಟ್ಟಿತ್ತು. ದ್ವೀಪದವರು ಈ ವಿಷಯವನ್ನು ದಶಕಗಳ ಕಾಲ ಬಾಯಿಬಿಟ್ಟು ಆಡಲೇ ಇಲ್ಲ. ಗಂಡನನ್ನು ಕಳಕೊಂಡವಳೂ, ಬದುಕಿ ಬಂದವನೂ ಒಂದೇ ಹಳ್ಳಿಯಲ್ಲಿ ಬಾಳಬೇಕಿತ್ತಲ್ಲ! ಈಗ ಹೋಮ್‌ನ ಕಡಲದಂಡೆಯಲ್ಲಿ ಸ್ಮಾರಕವಿದೆ, ಊರ ಗುಡ್ಡದ ಮೇಲೆ 1924ರಲ್ಲಿ ತೆರೆದ ಯುದ್ಧಸ್ಮಾರಕದ ಗೋಪುರವೂ ಇದೆ.

ಈ ಸಾವಿನ ಮನೆಗೆ ಬಂದ ಹೊಸ ಧಣಿ ಲಾರ್ಡ್ ಲೆವರ್‌ಹ್ಯೂಮ್. ಹೆಸರು ಕೇಳಿಲ್ಲವೆನ್ನಬೇಡಿ, ನಿಮ್ಮ ಬಚ್ಚಲಿನಲ್ಲಿ ಅವನಿದ್ದಾನೆ. ಲೈಫ್‌ಬಾಯ್ ಸಾಬೂನಿನ ಲೆವರ್ ಬ್ರದರ್ಸ್ ಕಂಪೆನಿ ಕಟ್ಟಿದವನು. 1918ರಲ್ಲಿ ದ್ವೀಪವನ್ನು ಕೊಂಡುಕೊಂಡು, ಸ್ಟೋರ್ನೊವೇಯನ್ನು ಮೀನಿನ ದೊಡ್ಡ ಕೈಗಾರಿಕಾ ನಗರ ಮಾಡುತ್ತೇನೆಂದು ಹೊರಟ. ಕಾರ್ಖಾನೆ, ಶೀತಲಗೃಹ, ರೈಲು, ಎಲ್ಲವೂ ನಕ್ಷೆಯಲ್ಲಿತ್ತು. ಯುದ್ಧದಿಂದ ಬಂದವರು ಕೇಳಿದ್ದು ಮಾತ್ರ ಬೇರೆಯೇ: ನಮಗೆ ಸರಕಾರ ಭೂಮಿ ಕೊಡುತ್ತೇನೆಂದು ಮಾತು ಕೊಟ್ಟಿತ್ತು, ಅದು ಎಲ್ಲಿ? ಕಾಲ್, ಗ್ರೆಸ್ ಎಂಬ ದೊಡ್ಡ ಹೊಲಗಳನ್ನು ಪೇಟೆಗೆ ಹಾಲು ಒದಗಿಸಲಿಕ್ಕೆಂದು ಅವನು ಇಟ್ಟುಕೊಂಡಿದ್ದ. ಜನ ಅಲ್ಲಿಗೆ ನುಗ್ಗಿ ಗಡಿ ಹಾಕಿ ಕುಳಿತರು. ಕೂಲಿ ಬೇಡ, ತುಂಡು ಭೂಮಿ ಸಾಕು ಎಂಬ ಆ ಹಠವನ್ನು ಮೂರ್ಖತನ ಎಂದು ಬರೆದವರಿದ್ದಾರೆ. ಗೇಣಿ ಒಕ್ಕಲಿನ ಕಾಲ ನೋಡಿದ ನಮ್ಮ ಹಿರಿಯರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಹಣದ ಮುಗ್ಗಟ್ಟೂ ಸೇರಿ 1923ರಲ್ಲಿ ಲೆವರ್‌ಹ್ಯೂಮ್ ಕೈಚೆಲ್ಲಿದ. ಹೋಗುವಾಗ ದ್ವೀಪವನ್ನು ಜನರಿಗೇ ಉಚಿತವಾಗಿ ಕೊಡುತ್ತೇನೆಂದ. ಹಳ್ಳಿಯವರು ಒಪ್ಪಲಿಲ್ಲ, ಸ್ಟೋರ್ನೊವೇಯವರು ಒಪ್ಪಿದರು. ಅಂದಿನಿಂದ ಪೇಟೆಯೂ ಸುತ್ತಲಿನ ಊರುಗಳೂ, ಅಫೀಮಿನ ದುಡ್ಡಿನ ಆ ಬಂಗಲೆಯೂ, ಜನರೇ ಆರಿಸುವ ಸ್ಟೋರ್ನೊವೇ ಟ್ರಸ್ಟಿನ ಕೈಗೆ ಬಂದವು. 1953ರಲ್ಲಿ ಬಂಗಲೆಯಲ್ಲಿ ಕಾಲೇಜು ಶುರುವಾಯಿತು. ಈಗ ಅಲ್ಲೇ ಮ್ಯೂಸಿಯಮ್ಮು, ಚದುರಂಗದ ಎರವಲು ಕಾಯಿಗಳು ಇರುವುದೂ ಅಲ್ಲೇ.

ನಮಗೆಲ್ಲ ಬಹಳ ಹತ್ತಿರದ ವಿಷಯ ಇನ್ನು ಬರುವುದು – ಭಾಷೆ.

ಲೂಯಿಸಿನ ಭಾಷೆ ಇಂಗ್ಲಿಷಲ್ಲ, ಗ್ಯಾಲಿಕ್. ಇಂಗ್ಲಿಷಿಗೂ ಅದಕ್ಕೂ ಬಹಳ ದೂರ. ಆಳುವವರಿಗೆ ಮೊದಲಿನಿಂದಲೂ ಅದರ ಮೇಲೆ ಕಣ್ಣು. 1609ರಲ್ಲಿ ದ್ವೀಪಗಳ ನಾಯಕರಿಗೆ ಹಾಕಿದ ಕಟ್ಟಳೆಗಳಲ್ಲಿ ಹಿರಿಯ ಮಗನನ್ನು ಹೊರನಾಡಿನ ಶಾಲೆಗೆ ಕಳುಹಿಸಿ ಇಂಗ್ಲಿಷ್ ಕಲಿಸಬೇಕೆಂಬುದೂ ಒಂದು. 1872ರ ಶಿಕ್ಷಣ ಕಾಯಿದೆ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯ ಮಾಡಿತು, ಆದರೆ ಅದರಲ್ಲಿ ಗ್ಯಾಲಿಕ್ ಎಂಬ ಶಬ್ದವೇ ಇರಲಿಲ್ಲ. ಮನೆಯಲ್ಲಿ ಇಂಗ್ಲಿಷಿನ ಗಂಧವಿಲ್ಲದ ಮಗು ಶಾಲೆಗೆ ಬಂದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಗ್ಯಾಲಿಕ್ ಮಾತಾಡಿದ ಮಕ್ಕಳ ಕೊರಳಿಗೆ ಕೋಲು ನೇತುಹಾಕುವ ಶಿಕ್ಷೆಯೂ ಆ ಸೀಮೆಯ ಶಾಲೆಗಳಲ್ಲಿತ್ತು. ನಿಷೇಧ ಹಾಕಲಿಲ್ಲ ಗಮನಿಸಿ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಷ್ಟೆ. ಭಾಷೆಯೊಂದನ್ನು ಸೊರಗಿಸಲು ಅಷ್ಟು ಸಾಕಾಗುತ್ತದೆ ಎಂದು ಗಡಿಯ ಶಾಲೆಗಳಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೂರು ವರ್ಷ ಕಳೆದು ಗಾಳಿ ತಿರುಗಿತು. 1975ರಲ್ಲಿ ದ್ವೀಪಗಳಿಗೆಲ್ಲ ಸೇರಿ ಸ್ಟೋರ್ನೊವೇಯಲ್ಲಿ ಒಂದೇ ಸ್ಥಳೀಯ ಆಡಳಿತ ಬಂತು. ಅದು ಎರಡೂ ಭಾಷೆಯಲ್ಲಿ ಕೆಲಸ ಮಾಡುವ ನೀತಿ ಹಿಡಿಯಿತು. ಬೀದಿಯ ಫಲಕಗಳಲ್ಲಿ ಗ್ಯಾಲಿಕ್ ಬಂತು. ಗ್ಯಾಲಿಕ್ ಮಾಧ್ಯಮದ ಪ್ರಾಥಮಿಕ ತರಗತಿಗಳು 1985ರಲ್ಲಿ ಶುರುವಾದವು – ತಮಾಷೆಯೆಂದರೆ ದ್ವೀಪದಲ್ಲಲ್ಲ, ಗ್ಲಾಸ್ಗೋ ಮತ್ತು ಇನ್ವರ್ನೆಸ್ ನಗರಗಳಲ್ಲಿ. ಆಮೇಲೆ ದ್ವೀಪಕ್ಕೂ ಬಂತು. 2005ರಲ್ಲಿ ಗ್ಯಾಲಿಕ್ ಭಾಷಾ ಕಾಯಿದೆ, 2008ರಲ್ಲಿ ಗ್ಯಾಲಿಕ್ ಟಿ.ವಿ. ಚಾನೆಲ್, 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗ್ಯಾಲಿಕ್ಕಿಗೆ ಅಧಿಕೃತ ಸ್ಥಾನ ಕೊಡುವ ಕಾಯಿದೆಯನ್ನೂ ಮಾಡಿತು. ದ್ವೀಪಗಳ ಆಡಳಿತವಂತೂ 2020ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಪಾಲಕರು ಬೇರೆ ಹೇಳದಿದ್ದರೆ ಗ್ಯಾಲಿಕ್ ಮಾಧ್ಯಮವೇ! ಅಲ್ಲಿಯವರೆಗೆ ಬೇಕಾದವರು ಕೇಳಿ ಪಡೆಯಬೇಕಿತ್ತು, ಈಗ ಬೇಡದವರು ಬೇಡ ಎನ್ನಬೇಕು. ಅರ್ಜಿ ಫಾರಮಿನ ಒಂದು ಗೆರೆ ತಿರುಗಿಸಿದ್ದಷ್ಟೆ, ಆದರೆ ಎಷ್ಟು ದೊಡ್ಡ ವ್ಯತ್ಯಾಸ!

ಅದೇ 2020ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಈ ದ್ವೀಪಗಳ ಮನೆ, ಅಂಗಡಿ, ಬೀದಿಗಳಲ್ಲಿ ಗ್ಯಾಲಿಕ್ ಆಡುಮಾತಾಗಿ ಇನ್ನು ಹತ್ತು ವರ್ಷ ಉಳಿಯುವುದೂ ಕಷ್ಟ ಎಂದು ಅವರ ಎಚ್ಚರಿಕೆ. 2011ರ ಜನಗಣತಿಯಲ್ಲಿ ಈ ದ್ವೀಪಗಳ ನೂರರಲ್ಲಿ 52 ಮಂದಿ ಗ್ಯಾಲಿಕ್ ಮಾತಾಡಬಲ್ಲವರು. 2022ರಲ್ಲಿ ಅದು ಸುಮಾರು 45ಕ್ಕೆ ಇಳಿದಿತ್ತು. ಶಾಲೆಯಲ್ಲಿ ಗ್ಯಾಲಿಕ್ ಕಲಿತ ಮಕ್ಕಳು ಗಂಟೆ ಹೊಡೆದು ಹೊರಗೆ ಬಂದ ಕೂಡಲೇ ತಮ್ಮತಮ್ಮೊಳಗೆ ಇಂಗ್ಲಿಷು!

ಕಾಸರಗೋಡಿನ ನಮ್ಮ ಸ್ಥಿತಿ ಇದಕ್ಕಿಂತ ಬೇರೆ. ನಮ್ಮ ತರಗತಿಯಲ್ಲಿ ಮನೆಮಾತು ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಆಗಿರುವ ಮಕ್ಕಳೇ ಸಾಕಷ್ಟು. ಅವರನ್ನೆಲ್ಲ ಕನ್ನಡದವರನ್ನಾಗಿ ಮಾಡುತ್ತ ಬಂದದ್ದು ಶಾಲೆ ಮತ್ತು ಯಕ್ಷಗಾನ. ಅಲ್ಲಿ ಕಾಯಿದೆ ಇದೆ, ಸರಕಾರ ಜೊತೆಗಿದೆ, ಮನೆ ಕೈಬಿಡುತ್ತಿದೆ. ಇಲ್ಲಿ ಊರಿನ ಬಾಯಲ್ಲಿ ಕನ್ನಡ ಇನ್ನೂ ಇದೆ, ತರಗತಿಯ ಬೆಂಚು ಖಾಲಿಯಾಗುತ್ತಿದೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ್ದೆಂದು ನಾನು ಹೇಳಲಾರೆ. ಅವರ ಅರ್ಜಿ ಫಾರಮಿನ ಗೆರೆಯನ್ನು ಮಾತ್ರ ನಮ್ಮ ರಕ್ಷಕ ಶಿಕ್ಷಕ ಸಂಘಗಳು ಒಮ್ಮೆ ಚರ್ಚೆಗೆ ತೆಗೆದುಕೊಂಡರೆ ಒಳ್ಳೆಯದು.

ಮೆಕೆಂಜಿಯನ್ನು ಅರ್ಧದಲ್ಲೇ ಬಿಟ್ಟೆವು. ಸ್ಟೋರ್ನೊವೇಯ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದವನು 1783ರಲ್ಲಿ ಕಂಪೆನಿಯ ಸೈನ್ಯ ಸೇರಿ ಮದರಾಸಿಗೆ ಬಂದ. ಮತ್ತೆ ಊರಿಗೆ ಹೋಗಲೇ ಇಲ್ಲ. 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರಾಗಿ ಇದ್ದ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸುಮಾರು 40,000 ಚದರ ಮೈಲಿ ನೆಲವನ್ನು ಅಳೆಯಿಸಿದ. ಗೆದ್ದವರಿಗೆ ಕಂದಾಯದ ಲೆಕ್ಕಕ್ಕೆ ನಕ್ಷೆ ಬೇಕಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಳತೆ ಮಾಡುತ್ತ ಹೋದವನು ಊರಿನ ಶಾನುಭೋಗರನ್ನು, ಮಠದವರನ್ನು, ಬಸದಿಯವರನ್ನು ಕೂರಿಸಿಕೊಂಡು ಈ ಊರು ಕಟ್ಟಿದವರು ಯಾರು, ಕೆರೆ ಯಾರದ್ದು, ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಿ ಬರೆಸಿದ. ಅದು ಕಂದಾಯದ ಲೆಕ್ಕಕ್ಕೆ ಬೇಕಾಗಿರಲಿಲ್ಲ. ಅವನ ಸಂಗ್ರಹದಲ್ಲಿ ಶಾಸನದ ಪ್ರತಿಗಳೇ 8,076, ನಾಣ್ಯಗಳು 6,218. 1815ರಲ್ಲಿ ಇಡೀ ಹಿಂದೂಸ್ಥಾನದ ಮೊತ್ತಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡ.

ಕನ್ನಡ ಬಾರದ ಮೆಕೆಂಜಿ ಒಬ್ಬನೇ ಇದನ್ನು ಮಾಡಲು ಸಾಧ್ಯವಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ ಎಂಬ ತರುಣ ಪಂಡಿತ ಮೊದಲು ದಾರಿ ತೋರಿಸಿದ. 1803ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಮುಂದುವರಿಸಿದ. ಹಳಗನ್ನಡದ ಶಾಸನಗಳನ್ನು ಓದಿ ಹೇಳಿದವರು ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ. ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯ ಚಿತ್ರದಲ್ಲಿ ಕೆಂಪು ಕೋಟಿನ ಅವನ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ, ಹಿಂದೆ ದೂರದ ಬೆಟ್ಟದ ಮೇಲೆ ಗೊಮ್ಮಟ.

2017ರಲ್ಲಿ ಸ್ಟೋರ್ನೊವೇಯವರು ಅದೇ ಲ್ಯೂಸ್ ಕ್ಯಾಸಲಿನ ಮ್ಯೂಸಿಯಮ್ಮಿನಲ್ಲಿ ಮೆಕೆಂಜಿಯ ಸಂಗ್ರಹದ ಪ್ರದರ್ಶನ ಏರ್ಪಡಿಸಿದ್ದರು. ನಮ್ಮ ದೇಶದ ಶಿಲ್ಪಗಳು, ನಕ್ಷೆಗಳು, ಚಿತ್ರಗಳು ಲಂಡನ್ನಿನಿಂದ ಹೊರಟು ಅವನ ಊರಿಗೆ ಹೋದವು. ಅವನು ಬರೆಸಿದ ಕನ್ನಡ ಕೈಫಿಯತ್ತುಗಳು ಚೆನ್ನೈಯ ಹಸ್ತಪ್ರತಿ ಭಂಡಾರದಲ್ಲಿವೆ. ಅವನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕರ್ನಾಟಕದ ಕೈಫಿಯತ್ತುಗಳು' ಎಂದು ಪ್ರಕಟಿಸಿದೆ. ದಪ್ಪ ಪುಸ್ತಕ. ನಿಮ್ಮ ಶಾಲೆಯ ಕಪಾಟಿನಲ್ಲಿ ಇದ್ದರೆ ಧೂಳು ಕೊಡವಿ ಯಾವುದಾದರೂ ಒಂದು ಊರಿನ ಪುಟ ತೆಗೆದು ಎಂಟನೆಯವರಿಗೆ ಓದಿ ಹೇಳಿ. ಭಾಷೆ ಮೊದಲಿಗೆ ಸ್ವಲ್ಪ ತೊಡಕು, ಎರಡನೆಯ ಪುಟಕ್ಕೆ ಸರಿಯಾಗುತ್ತದೆ.